ನೂರಕ್ಕೆ ನೂರು ಬಂತು, ಚಿಂದಿ ಮಾತ್ರ ತಪ್ಪು ಬುಟ್ಟಿಗೆ ಬಿತ್ತು

ಜರ್ಮನಿಗೆ ಬಂದ ಹೊಸತು. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ. ಮೊದಲ ವಾರವೇ ಸುರಕ್ಷತೆಯ ಆನ್‌ಲೈನ್ ಕೋರ್ಸ್ ಮಾಡಲು ಹೇಳಿದರು. ನಲವತ್ತು ಚಿಲ್ಲರೆ ಸ್ಲೈಡು, ಎಲ್ಲ ಜರ್ಮನ್‌ನಲ್ಲಿ, ಕೊನೆಗೆ ಹತ್ತು ಪ್ರಶ್ನೆ. ಆಗ ನನಗೆ ಬರುತ್ತಿದ್ದ ಜರ್ಮನ್ ಬ್ರೆಡ್ ಕೊಳ್ಳುವಷ್ಟು, ದಾರಿ ಕೇಳುವಷ್ಟು, ಅಷ್ಟೇ. ಆದರೂ ಹತ್ತಕ್ಕೆ ಹತ್ತು ಬಂತು. ಹೇಗೆ ಅಂತೀರಾ? ಬೆಂಗಳೂರಲ್ಲಿ ಎಂಟು ವರ್ಷ ಕೆಲಸ ಮಾಡಿ ಬಂದವರಿಗೆ ಇದನ್ನೆಲ್ಲ ಹೇಳಿಕೊಡಬೇಕಾ? ನಾಲ್ಕು ಉತ್ತರಗಳಲ್ಲಿ ಯಾವುದು ಉದ್ದ ಇದೆಯೋ ಅದೇ ಸರಿ. ಕೊನೆಯದು 'ಮೇಲಿನ ಎಲ್ಲವೂ' ಅಂತ ಕಂಡರೆ ಕಣ್ಣು ಮುಚ್ಚಿ ಒತ್ತಬೇಕು. ಭಾಷೆ ಬೇರೆಯಾದರೂ ಕೋರ್ಸ್ ಬರೆಯುವವರ ಚಾಳಿ ಒಂದೇ.

ಮೂರು ದಿನ ಆಗಿತ್ತು. ಯಂತ್ರ ಒರೆಸಿ, ಎಣ್ಣೆ ಮೆತ್ತಿದ ಕಾಟನ್ ವೇಸ್ಟನ್ನು ಪಕ್ಕದಲ್ಲಿದ್ದ ಕಾಗದದ ಬುಟ್ಟಿಗೆ ಎಸೆದೆ. ನಮ್ಮ ವಿಭಾಗದ ಮೈಸ್ಟರ್ ನೋಡಿದರು. ಮೈಸ್ಟರ್ ಅಂದರೆ ನಮ್ಮ ಮೇಸ್ತ್ರಿ ಅಂದುಕೊಳ್ಳಿ, ಎರಡೂ ಪದದ ಬೇರು ಒಂದೇ ಲ್ಯಾಟಿನ್ ಪದ. ಇಲ್ಲಿ ಮಾತ್ರ ಮೇಸ್ತ್ರಿಯಾಗಲು ಪರೀಕ್ಷೆ ಪಾಸಾಗಬೇಕು. ಅವರು ಬೈಯಲಿಲ್ಲ. ಎರಡು ಬೆರಳಲ್ಲಿ ಚಿಂದಿಯನ್ನು ಎತ್ತಿಕೊಂಡು, ನನ್ನನ್ನು ಮೂಲೆಯಲ್ಲಿದ್ದ ಮುಚ್ಚಳದ ಕಬ್ಬಿಣದ ಡಬ್ಬದ ಹತ್ತಿರ ಕರೆದುಕೊಂಡು ಹೋದರು. ಕೆಲವು ಎಣ್ಣೆಗಳು ಗಾಳಿ ತಾಗಿ ತಾವಾಗಿಯೇ ಬಿಸಿಯಾಗುತ್ತವೆ, ಚಿಂದಿ ಮುದ್ದೆಯಾಗಿ ಬಿದ್ದಿದ್ದರೆ ಆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಯಾರೂ ಬೆಂಕಿ ಹಚ್ಚದೆಯೇ ಹೊತ್ತಿಕೊಳ್ಳಬಹುದು, ಅಗಸೆ ಎಣ್ಣೆಯಂತೂ ಇದಕ್ಕೆ ಕುಖ್ಯಾತ ಅಂತ ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ವಿವರಿಸಿದರು. ಆಮೇಲೆ ಚಿಂದಿಯನ್ನು ನನ್ನ ಕೈಗೇ ಕೊಟ್ಟರು. "ಈಗ ನೀವು ಹಾಕಿ. ಯಾಕೆ ಅಂತ ನನಗೆ ಹೇಳಿ." ಹಾಕಿದೆ, ಹೇಳಿದೆ. ಹತ್ತು ನಿಮಿಷದ ಕೆಲಸ. ಆ ಕೋರ್ಸಿನ ಒಂದು ಸ್ಲೈಡೂ ಇವತ್ತು ನೆನಪಿಲ್ಲ. ಈ ಹತ್ತು ನಿಮಿಷ ಮರೆತಿಲ್ಲ.

ಜರ್ಮನಿಯವರ ಇ-ಲರ್ನಿಂಗ್ ಬಹಳ ಚೆನ್ನಾಗಿದೆ ಅಂತ ಹೇಳಲು ಹೊರಟಿದ್ದೇನೆ ಅಂದುಕೊಳ್ಳಬೇಡಿ. ನಮ್ಮದರಷ್ಟೇ ಸಪ್ಪೆ. ಕೆಲವು ಸಲ ಇನ್ನೂ ಸಪ್ಪೆ. ವ್ಯತ್ಯಾಸ ಇರುವುದು ಕೋರ್ಸಿನ ಸುತ್ತಮುತ್ತ.

ಬೆಂಗಳೂರಿನ ನನ್ನ ಹಳೇ ಆಫೀಸಿನಲ್ಲಿ ಮಾರ್ಚ್ ಅಂದರೆ ಎರಡು ಹಬ್ಬ. ಒಂದು ಯುಗಾದಿ, ಇನ್ನೊಂದು ಬಾಕಿ ಟ್ರೈನಿಂಗ್ ಮುಗಿಸುವ ಹಬ್ಬ. ಮಾಹಿತಿ ಸುರಕ್ಷತೆ, ಲಂಚದ ವಿರುದ್ಧ, ಲೈಂಗಿಕ ಕಿರುಕುಳ ತಡೆ, ಬೆಂಕಿ ಬಿದ್ದರೆ ಏನು ಮಾಡಬೇಕು, ಎಲ್ಲ ಒಂದೇ ಅಚ್ಚಿನವು. ಪರದೆಯ ಮೇಲಿರುವ ಸಾಲನ್ನೇ ಒಂದು ದನಿ ಓದುತ್ತದೆ. ಓದಿ ಮುಗಿಯುವ ತನಕ 'ನೆಕ್ಸ್ಟ್' ಬಟನ್ ಬೂದು ಬಣ್ಣ. ಜನ ಏನು ಮಾಡುತ್ತಿದ್ದರು? ಮ್ಯೂಟ್ ಮಾಡಿ, ಪಕ್ಕದ ಟ್ಯಾಬ್‌ನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಾ, ನಡುನಡುವೆ ಬಂದು ನೆಕ್ಸ್ಟ್ ಒತ್ತಿ ಹೋಗುತ್ತಿದ್ದರು. ಉತ್ತರಗಳ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿತ್ತು. ಮುಗಿಸದವರ ಹೆಸರು ಕೆಂಪು ಬಣ್ಣದಲ್ಲಿ ಮ್ಯಾನೇಜರಿಗೆ ಹೋಗುತ್ತಿತ್ತು. ನಾನೂ ಅದನ್ನೇ ಮಾಡಿದವನು, ಸಾಚಾ ಅಂತ ಹೇಳಿಕೊಳ್ಳುವುದಿಲ್ಲ.

ಈ ಕೋರ್ಸುಗಳು ಯಾಕೆ ಹೀಗಿರುತ್ತವೆ ಅಂತ ಅರ್ಥವಾಗಿದ್ದು ಇಲ್ಲಿ, ಅವನ್ನು ತಯಾರಿಸುವ ತಂಡಕ್ಕೇ ನನ್ನನ್ನು ಅರ್ಧ ದಿನದ ಲೆಕ್ಕದಲ್ಲಿ ಹಾಕಿದ ಮೇಲೆ. ಕೋರ್ಸ್ ಮತ್ತು ಅದನ್ನು ಓಡಿಸುವ ವ್ಯವಸ್ಥೆ ಒಂದಕ್ಕೊಂದು ಮಾತಾಡಲು ಸ್ಕಾರ್ಮ್ ಅಂತ ಒಂದು ಕ್ರಮ ಇದೆ. ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆಯೊಂದರಿಂದ ಬಂದದ್ದು. 2001ರಲ್ಲಿ ಬಂದ ಅದರ 1.2 ಆವೃತ್ತಿ ಇವತ್ತಿಗೂ ಎಷ್ಟೋ ಕಂಪನಿಗಳಲ್ಲಿ ಓಡುತ್ತಿದೆ. ಅದು ಮುಖ್ಯವಾಗಿ ಹೇಳುವುದು ಮೂರು ಸಂಗತಿ: ಮುಗಿಸಿದರಾ ಇಲ್ಲವಾ, ಎಷ್ಟು ಅಂಕ, ಎಷ್ಟು ಹೊತ್ತು. ಯಾವುದನ್ನು ಅಳೆಯುತ್ತೀರೋ ಕೋರ್ಸ್ ಅದಕ್ಕೇ ಹೊಂದಿಕೊಳ್ಳುತ್ತದೆ, ಅಲ್ವಾ? 2013ರಲ್ಲಿ ಎಕ್ಸ್‌ಎಪಿಐ ಅಂತ ಹೊಸದು ಬಂತು. ಪರದೆಯ ಆಚೆ ಯಂತ್ರದ ಹತ್ತಿರ ಮಾಡಿದ ಕೆಲಸವನ್ನೂ ಅದರಲ್ಲಿ ದಾಖಲಿಸಬಹುದು. ಆದರೆ ಎಚ್‌ಆರ್‌ನವರಿಗೆ ಬೇಕಾಗಿರುವುದು ಒಂದು ಹಸಿರು ಟಿಕ್. ಆಡಿಟ್‌ನವರು ಬಂದಾಗ ತೋರಿಸಲು ಅಷ್ಟು ಸಾಕು. ಹಾಗಾಗಿ ಸ್ಲೈಡು ಹೋಗಿ ಕಾರ್ಟೂನು ಬಂದರೂ, ಕಾರ್ಟೂನು ಹೋಗಿ ಎಐ ಮಾಡಿದ ನಗುಮುಖದ ಬೊಂಬೆ ಬಂದರೂ ಒಳಗಿನ ಸರಕು ಮಾತ್ರ ಹಳೆಯದೇ.

ಇಲ್ಲಿ ನನಗೆ ಅಚ್ಚರಿ ತಂದದ್ದು ಬೆಟ್ರೀಬ್ಸ್‌ರಾಟ್, ಅಂದರೆ ಕೆಲಸಗಾರರೇ ಆರಿಸಿದ ಮಂಡಳಿ. ನೌಕರರ ನಡೆ ಅಥವಾ ಕೆಲಸದ ಮೇಲೆ ಕಣ್ಣಿಡಬಲ್ಲ ಯಾವುದೇ ತಂತ್ರಜ್ಞಾನ ತರಬೇಕಾದರೆ ಈ ಮಂಡಳಿಯ ಒಪ್ಪಿಗೆ ಬೇಕು. 1972ರ ಕಾಯ್ದೆ ಹಾಗೆ ಹೇಳುತ್ತದೆ. ಯಾರು ಯಾವ ಸ್ಲೈಡಿನಲ್ಲಿ ಎಷ್ಟು ನಿಮಿಷ ಇದ್ದರು ಅಂತ ನೋಡುವ ಸೌಲಭ್ಯ ನಮ್ಮ ಸಾಫ್ಟ್‌ವೇರಿನಲ್ಲೇ ಇತ್ತು. ಅದನ್ನು ಆನ್ ಮಾಡೋಣ ಅಂತ ನಾನು ಉತ್ಸಾಹದಲ್ಲಿ ಹೇಳಿದೆ. ಮಂಡಳಿಯ ಹೆಂಗಸೊಬ್ಬರು ಕೇಳಿದರು, "ಆ ನಿಮಿಷ ಗೊತ್ತಾದರೆ ನೀವು ಏನು ಮಾಡುತ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಇರಲಿ ಅಂತ ಕೇಳಿದ್ದು. ಬೆಂಗಳೂರಿನ ಅಭ್ಯಾಸ.

ಆಗ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕ್ಲಿಕ್ ಎಣಿಸಲು ಬಿಡದೇ ಹೋದದ್ದರಿಂದಲೇ ನಾವು ಬೇರೆ ದಾರಿ ಹುಡುಕಬೇಕಾಯಿತು. ಕೆಳಗೆ ಶಾಪ್‌ಫ್ಲೋರಿಗೆ ಹೋಗಿ ಕೇಳಿದೆವು: ಕಳೆದ ವರ್ಷ ಏನೇನು ತಪ್ಪಾಯಿತು? ಯಾವ ಪಾರ್ಟ್ ವಾಪಸ್ ಬಂತು? ಹೊಸಬರು ಎಲ್ಲಿ ತಡವರಿಸುತ್ತಾರೆ? ಒಂದು ಮಧ್ಯಾಹ್ನದಲ್ಲಿ ಒಂದು ನೋಟ್‌ಬುಕ್ ತುಂಬಿತು. ಆ ಪಟ್ಟಿಯ ಅರ್ಧಕ್ಕರ್ಧ ನಮ್ಮ ಕೋರ್ಸಿನಲ್ಲಿ ಇರಲೇ ಇಲ್ಲ. ಕೋರ್ಸಿನಲ್ಲಿದ್ದ ಎಷ್ಟೋ ಸಂಗತಿಯನ್ನು ಅಲ್ಲಿ ಯಾರೂ ಒಂದು ಸಲವೂ ತಪ್ಪು ಮಾಡಿರಲಿಲ್ಲ. ಕಂಪನಿಯ ಇತಿಹಾಸದ ಏಳು ಸ್ಲೈಡುಗಳನ್ನು ಅವತ್ತೇ ಕಿತ್ತೆವು. ಒಬ್ಬ ನಿರ್ದೇಶಕರಿಗೆ ಬೇಜಾರಾಯಿತು. ಅವರ ಫೋಟೋ ಅದರಲ್ಲಿತ್ತು.

ಆಮೇಲೆ ಕೆಲಸ ಸುಲಭವಾಯಿತು. ಪಾಠ ಮೊದಲು, ಪ್ರಶ್ನೆ ಕೊನೆಗೆ ಅನ್ನುವ ಕ್ರಮವನ್ನೇ ತಿರುಗಿಸಿದೆವು. ಮೊದಲ ಪರದೆಯಲ್ಲೇ ಫೋಟೋ: ಕೈಯಲ್ಲಿ ಎಣ್ಣೆ ಚಿಂದಿ, ಎದುರಿಗೆ ನಮ್ಮದೇ ಹಾಲ್‌ನ ಮೂರು ಡಬ್ಬ. ಎಲ್ಲಿ ಹಾಕುತ್ತೀರಿ? ತಪ್ಪಾದರೆ 'ಉತ್ತರ ತಪ್ಪು' ಅಂತ ಬರುವುದಿಲ್ಲ. ರಾತ್ರಿ ಆ ಬುಟ್ಟಿಯಲ್ಲಿ ಏನಾಗುತ್ತದೆ ಅಂತ ತೋರಿಸುತ್ತದೆ. ತಪ್ಪು ಉತ್ತರಗಳನ್ನು ನಾವು ಕೂತು ಯೋಚಿಸಿ ಬರೆದದ್ದಲ್ಲ, ಆ ನೋಟ್‌ಬುಕ್ಕಿನಿಂದ ಎತ್ತಿಕೊಂಡಿದ್ದು. ಜನ ನಿಜವಾಗಿ ಮಾಡುವ ತಪ್ಪುಗಳು. ಹಾಗಾಗಿ ಉದ್ದ ಉತ್ತರ ಹುಡುಕುವ ನನ್ನ ಹಳೇ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಪರದೆಯ ಮೇಲಿನ ಸಾಲನ್ನೇ ಓದುವ ದನಿಯನ್ನೂ ತೆಗೆದೆವು. ಚಿತ್ರ, ದನಿ, ಅದೇ ಮಾತಿನ ಅಕ್ಷರ ಮೂರೂ ಒಟ್ಟಿಗೆ ಬಂದರೆ ಕಲಿಕೆ ಹೆಚ್ಚುವುದಿಲ್ಲ, ಬಹಳ ಸಲ ಕುಗ್ಗುತ್ತದೆ ಅಂತ ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿ ಎಷ್ಟೋ ವರ್ಷಗಳಾದವು. ಇನ್ನೊಂದು, ಮರುಪ್ರಶ್ನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಓದದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಕೋರ್ಸ್ ಮುಗಿದ ತಕ್ಷಣ ಇಡುವ ನಮ್ಮ ಪರೀಕ್ಷೆ ಅಳೆಯುವುದು ಆ ಐದು ನಿಮಿಷವನ್ನೇ ಅಲ್ವಾ? ಈಗ ನಾವು ಆರು ಪ್ರಶ್ನೆಯಲ್ಲಿ ಎರಡನ್ನು ಮಾತ್ರ ಅವತ್ತು ಕೇಳುತ್ತೇವೆ. ಉಳಿದವು ವಾರ ಬಿಟ್ಟು, ತಿಂಗಳು ಬಿಟ್ಟು ಒಂದೊಂದಾಗಿ ಬರುತ್ತವೆ. ಇದಕ್ಕೆ ದುಬಾರಿ ಸಾಫ್ಟ್‌ವೇರೇನೂ ಬೇಡ, ಕ್ಯಾಲೆಂಡರ್ ಇದ್ದರೆ ಸಾಕು.

ಯಂತ್ರಗಳ ಪಾಠವನ್ನು ಕಲಿಯುವ ಹುಡುಗರಿಂದಲೇ ಮಾಡಿಸಿದೆವು. ಇಲ್ಲಿ ಔಸ್‌ಬಿಲ್ಡುಂಗ್ ಅಂತ ಇದೆ. ಶಾಲೆ ಮುಗಿಸಿದ ಹುಡುಗ ಹುಡುಗಿಯರು ಕಂಪನಿಯಲ್ಲಿ ಸಂಬಳ ತೆಗೆದುಕೊಂಡು ಕೆಲಸ ಕಲಿಯುತ್ತಾರೆ, ಜೊತೆಗೆ ವೃತ್ತಿ ಶಾಲೆಗೂ ಹೋಗುತ್ತಾರೆ. ಯಂತ್ರದ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷ. ಏನು ಕಲಿತೆವು ಅಂತ ಒಂದು ದಿನಚರಿ ಬರೆದಿಡಬೇಕು, ಅದಿಲ್ಲದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಎರಡನೇ ವರ್ಷದವರ ಕೈಗೆ ಫೋನ್ ಕೊಟ್ಟು, ಮೊದಲ ವರ್ಷದವರಿಗೆ ತೋರಿಸುವ ಹಾಗೆ ಒಂದೂವರೆ ನಿಮಿಷದ ವಿಡಿಯೋ ಮಾಡಿ ಅಂದೆವು. ಬೇರಿಂಗ್ ಹೋಗುವ ಮುಂಚೆ ಬರುವ ಸದ್ದು ಒಂದು ವಿಡಿಯೋ. ಕ್ಯೂಆರ್ ಚೀಟಿ ಯಂತ್ರದ ಮೈಮೇಲೇ ಇದೆ. ಆ ಸದ್ದನ್ನು ಸ್ಲೈಡಿನಲ್ಲಿ ಹೇಗೆ ಬರೆಯುತ್ತೀರಿ, ಹೇಳಿ ನೋಡೋಣ.

ಮೊನ್ನೆ ಊರಿಗೆ ಬಂದಾಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಗೆಳೆಯನಿಗೆ ಇದನ್ನೆಲ್ಲ ದೊಡ್ಡದಾಗಿ ಹೇಳಿದೆ. ಅವನು ನಕ್ಕ. "ನಾನು ಇದನ್ನ ವಾಟ್ಸಾಪಲ್ಲಿ ಮಾಡ್ತಾನೇ ಇದ್ದೀನಲ್ಲೋ," ಅಂದ. ಹೆಡ್ ಆಫೀಸಿನಿಂದ ಬರುವ ಕೋರ್ಸ್ ಇಂಗ್ಲಿಷಿನಲ್ಲಿರುತ್ತದೆ. ಅವನ ಹುಡುಗರಿಗೆ ಕನ್ನಡ, ತಮಿಳು, ಹಿಂದಿ. ಎಲ್ಲರ ಲಾಗಿನ್ ಅವನೇ ಮಾಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಹಸಿರು ಟಿಕ್ ತರಿಸಿ ಮೇಲೆ ಕಳಿಸುತ್ತಾನೆ. ನಿಜವಾದ ಪಾಠ ಮಾತ್ರ ಅವನ ಕನ್ನಡದ ವಾಯ್ಸ್ ಮೆಸೇಜಿನಲ್ಲಿ ನಡೆಯುತ್ತದೆ. ಕಂಪನಿಯ ದಾಖಲೆಯಲ್ಲಿ ಅವನ ಪಾಠಕ್ಕೆ ಜಾಗವೇ ಇಲ್ಲ. ಅರ್ಥವಾಗದ ಜರ್ಮನ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದ ನನಗೆ ಆ ಹುಡುಗರ ಪಾಡು ಚೆನ್ನಾಗಿ ಗೊತ್ತು.

ಕೈಯಿಂದ ಮಾಡಿಸಿ ಕಲಿಸುವುದು ನಮಗೆ ಹೊಸತೇನಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಹುಡುಗರು ಟೂಲ್ ಮುಟ್ಟಿಯೇ ಕಲಿಯುತ್ತಾರೆ. ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆಯಲ್ಲೂ 2007ರಿಂದ ಅದೇ. ಅಷ್ಟು ದೂರ ಯಾಕೆ, ನಮ್ಮೂರಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ನಾಲ್ಕು ದಿನ ಆದ ಮೇಲೆ ಬುರುಡೆ ಬಿಚ್ಚುತ್ತಿದ್ದರು. ಈಜಿನ ಹದಿನೈದು ಲಾಭಗಳ ಪಟ್ಟಿ ಯಾರೂ ಓದಿ ಹೇಳಲಿಲ್ಲ.

ಎಲ್ಲದಕ್ಕೂ ಈ ಮದ್ದು ನಡೆಯುವುದಿಲ್ಲ, ನಿಜ. ಲೈಂಗಿಕ ಕಿರುಕುಳ ತಡೆಯ ನಮ್ಮ ದೇಶದ 2013ರ ಕಾಯ್ದೆ, ನೌಕರರಿಗೆ ಆಗಾಗ ಕಾರ್ಯಾಗಾರ ಮತ್ತು ಅರಿವಿನ ಕಾರ್ಯಕ್ರಮ ನಡೆಸಬೇಕು ಅನ್ನುತ್ತದೆ. ಅದನ್ನು ಇಪ್ಪತ್ತು ನಿಮಿಷದ ವಿಡಿಯೋ ಮಾಡಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನಾಲ್ಕು ಜನ ಎದುರುಬದುರು ಕೂತು ಮಾತಾಡಬೇಕು, ಮುಜುಗರವಾದರೂ. ಇಲ್ಲಿ ಜರ್ಮನಿಯಲ್ಲಿ ಸುರಕ್ಷತೆಯ ಪಾಠ ವರ್ಷಕ್ಕೆ ಒಂದು ಸಲವಾದರೂ ಆಗಲೇಬೇಕು. ಆನ್‌ಲೈನ್‌ನಲ್ಲಿ ಮಾಡಬಹುದು, ಆದರೆ ಪಾಠ ನಿಮ್ಮ ಜಾಗದ ಕೆಲಸಕ್ಕೆ ಹೊಂದಬೇಕು, ಅರ್ಥವಾಯಿತಾ ಅಂತ ನೋಡಬೇಕು, ಸಂಶಯ ಬಂದರೆ ಕೇಳಲು ಒಬ್ಬ ಮನುಷ್ಯ ಇರಬೇಕು. ನಮ್ಮ ಹೊಸ ಕೋರ್ಸಿನ ಪ್ರತಿ ಪರದೆಯಲ್ಲೂ ಆ ಮನುಷ್ಯನ ಫೋನ್ ನಂಬರ್ ಇದೆ. ಚಿಂದಿ ಎತ್ತಿ ತೋರಿಸಿದರಲ್ಲ, ಅದೇ ಮೈಸ್ಟರ್.

ಹೋದ ವಾರ ಅವರೂ ಕೋರ್ಸ್ ಮಾಡಬೇಕಾಯಿತು. ಮೊದಲ ಪ್ರಶ್ನೆಯೇ ತಪ್ಪಾಯಿತಂತೆ. ಫೋನ್ ಮಾಡಿದರು. "ನಿಮ್ಮ ಫೋಟೋ ಹಳೆಯದು. ಆ ಡಬ್ಬವನ್ನು ಹೋದ ತಿಂಗಳೇ ಬಾಗಿಲ ಹತ್ತಿರ ಇಟ್ಟಿದ್ದೇವೆ. ಮೇಲೆ ಕೂತವರಿಗೆ ಗೊತ್ತಿಲ್ವಾ?" ಗೊತ್ತಿರಲಿಲ್ಲ. ಫೋನ್ ಎತ್ತಿಕೊಂಡು ಫೋಟೋ ತೆಗೆಯಲು ಕೆಳಗೆ ಹೋದೆ.