ಆನೆಗೆ ಚಪ್ಪಲಿ

ಬೆಂಗಳೂರಿನ ನಮ್ಮ ಭಾವ ಪ್ರತಿ ಮೇ ತಿಂಗಳು ಮಡಿಕೇರಿಗೆ ಬರುತ್ತಾರೆ. ಬಂದ ಎರಡನೇ ದಿನಕ್ಕೆ, 'ನಿಮ್ಮೂರಲ್ಲಿ ನೋಡೋಕೆ ಬೇರೆ ಏನಿದೆ?' ಎಂದು ಕೇಳುತ್ತಾರೆ. ರಾಜಾಸೀಟ್ ಆಗಿದೆ, ಅಬ್ಬಿ ಆಗಿದೆ, ದುಬಾರೆಯಲ್ಲಿ ಆನೆಗೆ ಸ್ನಾನ ಮಾಡಿಸಿದ್ದೂ ಆಗಿದೆ. ಈ ಸಲ ಅವರೇ ಮೊಬೈಲಿನಲ್ಲಿ ಹುಡುಕಿದರು. ಯಾವುದೋ ರೆಸಾರ್ಟಿನಲ್ಲಿ ಮಕ್ಕಳಿಗಾಗಿ 'ಕ್ಯಾರೆಕ್ಟರ್ ಡಿನ್ನರ್ ಶೋ' ಇದೆಯಂತೆ.

ಭಾವ ಒಮ್ಮೆ ಫ್ಲಾರಿಡಾಗೆ ಹೋಗಿ ಬಂದವರು. ಅಲ್ಲಿ ಡಿಸ್ನಿ ವರ್ಲ್ಡ್ ಇದೆಯಲ್ಲ, 1971ರಲ್ಲಿ ಶುರುವಾದದ್ದು. ಊಟಕ್ಕೆ ಕೂತರೆ ಮಿಕ್ಕಿ ಮೌಸೇ ಟೇಬಲ್ ಹತ್ತಿರ ಬರುತ್ತದೆ. ಮಕ್ಕಳನ್ನು ತಬ್ಬಿಕೊಳ್ಳುತ್ತದೆ, ಪುಸ್ತಕದಲ್ಲಿ ಸಹಿ ಹಾಕುತ್ತದೆ, ಆದರೆ ಒಂದೇ ಒಂದು ಮಾತಾಡುವುದಿಲ್ಲ. 'ಊಟದ ಹೊತ್ತಿಗೆ ಬಂದು ಮಾತಾಡದೆ ಹೋಗೋ ನೆಂಟರು! ಪುಣ್ಯ ಮಾಡಿರ್ಬೇಕು' ಎಂದಳು ನನ್ನವಳು, ಅಡುಗೆಮನೆಯಿಂದ. ಭಾವನಿಗೆ ಕೇಳಿಸಲಿಲ್ಲ.

ಅಕ್ಕ ಮಂಡಿ ನೋವೆಂದು ಮನೆಯಲ್ಲೇ ಉಳಿದಳು. ಬುದ್ಧಿವಂತೆ.

ದೊಡ್ಡವರಿಗೆ ತಲೆಗೆ 1,800 ರೂಪಾಯಿ. ಮಕ್ಕಳಿಗೆ 1,200. ಮೂರು ಅಡಿಗಿಂತ ಗಿಡ್ಡ ಇದ್ದರೆ ಫ್ರೀ. ಬಾಗಿಲಲ್ಲಿ ಜಿರಾಫೆ ಚಿತ್ರದ ಅಳತೆ ಕೋಲು ನಿಲ್ಲಿಸಿದ್ದರು. ನಮ್ಮ ಪುಟ್ಟಿಗೆ ಮೂರೂವರೆ ವರ್ಷ, ಆಳು ಸಣ್ಣ. ಸರಿಯಾಗಿ ಮೂರು ಅಡಿಯ ಗೆರೆಯ ಕೆಳಗೇ ನಿಂತಳು. ಆದರೆ ಅವಳಮ್ಮ ಅವತ್ತು ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದಳು. ಜುಟ್ಟು ಲೆಕ್ಕಕ್ಕಿಲ್ಲ ಎಂದು ನಾನು, ಇದೆ ಎಂದು ಅವರು. ಕೊನೆಗೆ ಜುಟ್ಟಿಗೆ 1,200 ರೂಪಾಯಿ ಕಟ್ಟಿ ಒಳಗೆ ಹೋದೆವು.

ಸ್ವಾಗತಕ್ಕೆ ಕುಪ್ಯ, ಅಂದರೆ ಕೊಡವರ ನಿಲುವಂಗಿ, ತೊಟ್ಟ ಹುಡುಗ ನಿಂತಿದ್ದ. ಜೀನ್ಸ್ ಮೇಲೆ ಕುಪ್ಯ, ಅದರ ಮೇಲೆ ಸೊಂಟಕ್ಕೆ ಸುತ್ತುವ ಚೇಲೆ, ಪೀಚೆಕತ್ತಿ ಪ್ಲಾಸ್ಟಿಕ್ಕಿನದು. ಎಲ್ಲಾ ಸರಿ, ಕುಪ್ಯ ಬಿಳಿ. ನಮ್ಮಲ್ಲಿ ಬಿಳಿ ಕುಪ್ಯ ಹಾಕುವುದು ಮದುಮಗನಿಗೆ, ಇಲ್ಲವೇ ಸತ್ತವನಿಗೆ. ಹುಡುಗ ನೋಡಿದರೆ ಮದುಮಗನ ಹಾಗೆ ಕಾಣಲಿಲ್ಲ. ಬೆಳಿಗ್ಗೆಯಿಂದ ನಿಂತೇ ಇದ್ದನಂತೆ.

'ಹಲೋ ಕೂರ್ಗ್!' ಎಂದು ವೇದಿಕೆಯಿಂದ ಮೈಕು ಕೂಗಿತು. 1956ರವರೆಗೆ ಸ್ವಂತ ರಾಜ್ಯವಾಗಿದ್ದ ನಾಡಿನ ಪರವಾಗಿ ಕೈ ಎತ್ತಿದ್ದು ನಾವು ಮೂವರೇ. ಉಳಿದವರೆಲ್ಲ ಭಾವನ ಊರಿನವರು.

ಮೊದಲು ಬಂದದ್ದು ಆರು ಅಡಿ ಎತ್ತರದ ಕಿತ್ತಳೆ ಹಣ್ಣು. ಕೈಕಾಲು ಬಂದಿದ್ದವು, ಕಣ್ಣು ಹೊಡೆಯುತ್ತಿತ್ತು. ಕೊಡಗಿನ ಕಿತ್ತಳೆ ಎಂದರೆ ಜಿಐ ಟ್ಯಾಗ್ ಇರುವ ಹಣ್ಣು ಸ್ವಾಮಿ. ಅಜ್ಜನ ಕಾಲದಲ್ಲಿ ಕಾಫಿ ಗಿಡಗಳ ನಡುವೆಯೇ ಬುಟ್ಟಿಗಟ್ಟಲೆ ಬಿಡುತ್ತಿತ್ತು. ಆಮೇಲೆ ರೋಗ ಬಂದು ಮರಗಳು ಒಣಗಿದವು. ಈಗ ಸಂತೆಯಲ್ಲಿ ನಾವು ಕೊಳ್ಳುವುದು ನಾಗಪುರದ್ದು. ವೇಷದ ಕಿತ್ತಳೆಯ ಹಿಂದೆ ರೆಕ್ಕೆ ಬಡಿಯುತ್ತಾ ಜೇನುನೊಣ ಬಂತು. ಜೇನಿನ ಕತೆಯೂ ಅಷ್ಟೇ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿತ್ತು. ತೋಟದಿಂದ ಕಾಣೆಯಾದವರೆಲ್ಲ ಎಲ್ಲಿಗೆ ಹೋದರು ಎಂದು ಇಷ್ಟು ವರ್ಷ ಯೋಚಿಸುತ್ತಿದ್ದೆ. ಇಲ್ಲಿ ಸಂಬಳಕ್ಕೆ ಸೇರಿದ್ದಾರೆ. ಮುಂದಿನ ವರ್ಷ ಭತ್ತದ ತೆನೆಯೂ ಕುಣಿಯಬಹುದು. ಜಾಗ ಹುಡುಕುವ ಕೆಲಸವಿಲ್ಲ, ರೆಸಾರ್ಟಿನ ಪಾರ್ಕಿಂಗ್ ಇರುವುದೇ ಹಳೇ ಗದ್ದೆಯಲ್ಲಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಡಂಬುಟ್ಟಿಗೆ 'ರೈಸ್ ಬಾಲ್' ಎಂದು ಚೀಟಿ ಅಂಟಿಸಿದ್ದರು. ನಮ್ಮ ಕಪ್ಪು ಹುಳಿರಸ ಕಾಚಂಪುಳಿಗೆ 'ಕೂರ್ಗ್ ಬಾಲ್ಸಮಿಕ್' ಎಂಬ ಬಿರುದು ಸಿಕ್ಕಿತ್ತು. ಪಂದಿಕರಿ ಪಕ್ಕದಲ್ಲಿ ಟೊಮೆಟೊ ಸಾಸ್. ಸುತ್ತ ನಾಲ್ಕೂ ದಿಕ್ಕಿಗೆ ಕಾಫಿ ತೋಟ, ಮಧ್ಯದಲ್ಲಿ ಪ್ರೀಮಿಕ್ಸ್ ಕಾಫಿಯ ಮಶೀನು. ಕಾಫಿ ಬೀಜದ ವೇಷದವನು ಅದರ ಮುಂದೆಯೇ ಕುಣಿಯುತ್ತಿದ್ದ. ಪಾಪ, ಅವನಿಗೂ ಹೊಟ್ಟೆಪಾಡು.

ಕೊನೆಗೆ ಆನೆ ಬಂತು.

ಪುಟ್ಟಿ ಕುರ್ಚಿಯ ಮೇಲೆ ಎದ್ದು ನಿಂತು ಸೂಕ್ಷ್ಮವಾಗಿ ಪರೀಕ್ಷೆ ಮಾಡಿದಳು. ಮಡಿಕೇರಿ ಕೋಟೆಯೊಳಗಿನ ಗಾರೆ ಆನೆಗಳನ್ನು ಭಾನುವಾರಕ್ಕೊಮ್ಮೆ ನೋಡುವವಳು ಅವಳು. 'ಅಪ್ಪಾ, ಆನೆ ಹವಾಯಿ ಚಪ್ಪಲಿ ಹಾಕಿದೆ' ಎಂದಳು. ಹೌದು, ನೀಲಿ ಪಟ್ಟಿಯದ್ದು. ಭಾವ ಅವಸರದಲ್ಲಿ ಸಹಿ ಪುಸ್ತಕ ಮುಂದೆ ಹಿಡಿದರು. ಆನೆ ಪೆನ್ನು ಹಿಡಿದು ಏನೋ ಗೀಚಿತು. ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ. 'ಆನೆ ಭಾಷೆ' ಎಂದು ಪುಟ್ಟಿ ತೀರ್ಮಾನ ಕೊಟ್ಟಳು.

ಆನೆ ಜೊತೆ ಫೋಟೋಗೆ 300 ರೂಪಾಯಿ, ಬೇರೆ. ಸಿದ್ದಾಪುರದ ಕಡೆ ನಮ್ಮ ದೊಡ್ಡಪ್ಪನ ತೋಟ ಇದೆ. ಹೋದ ವರ್ಷ ಕಾಡಾನೆಗಳು ಬಾಳೆಯನ್ನೆಲ್ಲ ಮಲಗಿಸಿ, ಕಾಫಿ ಗಿಡ ತುಳಿದು ಹೋದವು. ಪರಿಹಾರಕ್ಕೆ ಅರ್ಜಿ ಹಾಕಲು ಆಗಲೂ ಫೋಟೋ ಕೇಳಿದ್ದರು. ಮುರಿದ ಬಾಳೆ, ಲದ್ದಿ, ಹೆಜ್ಜೆ ಗುರುತು, ಎಲ್ಲದರ ಫೋಟೋ ಕೊಟ್ಟೆವು. ಆ ಅರ್ಜಿ ಇನ್ನೂ ಯಾವ ಮೇಜಿನ ಮೇಲೆ ಮಲಗಿದೆಯೋ! ಇಲ್ಲಿ ಹಾಗಲ್ಲ. ಹತ್ತು ನಿಮಿಷದಲ್ಲಿ ಫ್ರೇಮ್ ಹಾಕಿ ಕೈಗೆ ಕೊಟ್ಟರು. ವೇಷದ ಆನೆಗಿರುವ ಕಚೇರಿ ಅಸಲಿ ಆನೆಗೂ ಇದ್ದಿದ್ದರೆ ದೊಡ್ಡಪ್ಪ ಬಚಾವಾಗುತ್ತಿದ್ದರು.

ಹತ್ತು ಗಂಟೆಗೆ ಹೊರಟರೆ ಗೇಟಿನಲ್ಲಿ ವಾಚ್‌ಮನ್ ಕಾರಿಗೆ ಕೈ ಅಡ್ಡ ಹಾಕಿದ. 'ಸ್ವಲ್ಪ ನಿಲ್ಲಿ ಸಾರ್. ವಾಟ್ಸಾಪಲ್ಲಿ ಬಂದಿದೆ. ಕೆಳಗಿನ ತಿರುವಲ್ಲಿ ಹಲಸಿನ ಮರದ ಹತ್ರ ಮೂರು ಇದಾವೆ.'

ಭಾವನ ಮುಖ ಅರಳಿತು. 'ಇದೂ ಪ್ಯಾಕೇಜಲ್ಲೇ ಇದ್ಯಾ?'

'ಇಲ್ಲ ಸಾರ್. ಇದು ಫ್ರೀ.'

ಗೇಟಿನ ಪಕ್ಕ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತಿದ್ದ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ತೊಡೆಯ ಮೇಲೆ ಆನೆಯ ತಲೆ. ಯಾವುದೋ ಮಗು ಎಳೆದು ಕಿವಿ ಕಿತ್ತಿತ್ತಂತೆ, ಮನೆಯಲ್ಲಿ ಹೊಲಿದು ನಾಳೆ ತರಬೇಕಂತೆ. ಅಸ್ಸಾಮಿನವನು. ಬೆಳಿಗ್ಗೆ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ; ಸಂಜೆ ಇಲ್ಲಿ ಆನೆ. ಅವನ ಲೈನ್ ಮನೆ ಇರುವುದು ಆ ತಿರುವಿನಿಂದ ಸ್ವಲ್ಪ ಆಚೆ. ದಿನಾ ನಡೆದೇ ಹೋಗುವವನು. 'ಇವತ್ತು ಆಗಲ್ಲ ಸಾರ್, ಹಾಥಿ ಇದೆ' ಎಂದ.

ಮುಕ್ಕಾಲು ಗಂಟೆ ಕಾದು, ವಾಚ್‌ಮನ್ ಸರಿ ಎಂದ ಮೇಲೆ ಹೊರಟೆವು. ಅವನನ್ನೂ ಹಿಂದೆ ಕೂರಿಸಿಕೊಂಡೆವು. ಪುಟ್ಟಿಗೂ ಅವನಿಗೂ ನಡುವೆ ಆನೆಯ ತಲೆ ಕೂತಿತು. ತಿರುವಿನಲ್ಲಿ ಭಾವ ಕಾರು ನಿಧಾನ ಮಾಡಿದರು. ಹಲಸಿನ ಹಣ್ಣಿನ ವಾಸನೆ ಗಪ್ಪೆಂದು ಒಳಗೆ ನುಗ್ಗಿತು. ಸರಿ ಎಂದವನ ಮಾತು ಆನೆಗಳಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಕತ್ತಲೆಯಲ್ಲಿ ಎಲ್ಲೋ ಕೊಂಬೆ ಲಟಕ್ಕೆಂದಿತು. ಯಾರೂ ಉಸಿರೆತ್ತಲಿಲ್ಲ. ಹುಡುಗ ಕಣ್ಣು ಮುಚ್ಚಿ, ಸೊಂಡಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಪುಟ್ಟಿ ಹರಿದ ಕಿವಿಯೊಳಗೆ ಬಾಯಿಟ್ಟು ಪಿಸುಗುಟ್ಟಿದಳು. 'ಹೆದರ್ಬೇಡ. ನಿಮ್ಮಮ್ಮ ಇರ್ಬೇಕು.'

ಭಾವ ಕಿಟಕಿಯ ಗಾಜು ಏರಿಸಿದರು.