ಗಂಡ, ಹೆಂಡತಿ ಇಬ್ಬರೂ ಒಳಗೆ ಬನ್ನಿರಿ

ಇಂದು ಮಧ್ಯಾಹ್ನ ನಮ್ಮ ಔಷಧ ಅಂಗಡಿಯಲ್ಲಿ ನಡೆದದ್ದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಮದುವೆಯಾಗಿ ವರ್ಷ ತುಂಬಿರಲಾರದ ಹುಡುಗನೊಬ್ಬ ಬೈಕನ್ನು ರಸ್ತೆಯಂಚಿಗೆ ನಿಲ್ಲಿಸಿ, ಹೆಂಡತಿಯನ್ನು ಬಿಸಿಲಿನಲ್ಲೇ ಬಿಟ್ಟು ಕಟ್ಟೆ ಹತ್ತಿ ಬಂದ. ಬೇರೆ ಗಿರಾಕಿಗಳು ಹೋಗುವವರೆಗೆ ಕೆಮ್ಮಿನ ಔಷಧದ ಬಾಟಲಿಗಳನ್ನು ನೋಡುತ್ತ ನಿಂತಿದ್ದು, ಆಮೇಲೆ ದನಿ ತಗ್ಗಿಸಿ, "ಅಕ್ಕಾರ, ಆ 72 ತಾಸಿನ ಗುಳಿಗಿ ಒಂದು ಕೊಡ್ರಿ" ಎಂದ. ಕೂಡಿದ ಮೇಲೆ ಬಸಿರು ನಿಲ್ಲದಂತೆ ನುಂಗುವ ತುರ್ತು ಗುಳಿಗೆ ಅದು. ಅವನು ಅದನ್ನು ಒಯ್ಯುತ್ತಿರುವುದು ಇದೇ ಮೊದಲಲ್ಲ. "ಹ್ವಾದ ತಿಂಗಳಾನೂ ಒಯ್ದಿದ್ದೆಲ್ಲೋ ತಮ್ಮಾ, ಆಕೀನ್ನ ಒಳಗ ಕರಿ, ಇಬ್ಬರಿಗೂ ಕೂಡೇ ಹೇಳತೇನಿ" ಎಂದೆ. "ಆಕಿಗೇನ್ ತಿಳೀತೈತ್ರಿ, ನೀವು ಕೊಟ್ಟಬಿಡ್ರಿ" ಎಂದು ಹಣ ಮುಂದಿಟ್ಟ. ನುಂಗಬೇಕಾದವಳು ಅವಳು. ಮುಟ್ಟು ಏರುಪೇರಾದರೆ, ಗುಳಿಗೆ ಕೈಕೊಟ್ಟು ಬಸಿರಾದರೆ ಅನುಭವಿಸುವವಳೂ ಅವಳು. ಗುಳಿಗೆಯ ವಿಷಯದಲ್ಲಿ ಅವಳಿಗೇನು ತಿಳಿಯುತ್ತದೆ ಎಂದು ಹೇಳುವವನು ಅವನು.

ಜಮಖಂಡಿಯ ಈ ಅಂಗಡಿಯ ಗಲ್ಲಾದ ಹಿಂದೆ ನಾನು ಬಹಳ ಕಾಲದಿಂದ ಕುಳಿತಿದ್ದೇನೆ. ಗರ್ಭನಿರೋಧಕ ಕೇಳಲು ಒಬ್ಬೊಬ್ಬರೇ ಬರುತ್ತಾರೆ: ಗಂಡ ಬರುತ್ತಾನೆ, ಕೆಲವೊಮ್ಮೆ ನಾದಿನಿ ಬರುತ್ತಾಳೆ, ಹೆಸರಿಲ್ಲದ ಚೀಟಿ ಹಿಡಿದು ನೆರೆಮನೆಯ ಹುಡುಗ ಬಂದದ್ದೂ ಇದೆ. ಇಬ್ಬರೂ ಜೊತೆಯಾಗಿ ಬಂದು, "ನಮಗೆ ಎರಡು ವರ್ಷ ಮಗು ಬೇಡ, ಯಾವುದು ಒಳ್ಳೆಯದು" ಎಂದು ಕೇಳುವುದು ಅಪರೂಪಕ್ಕೊಮ್ಮೆ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ.

ತುರ್ತು ಗುಳಿಗೆಯ ಬಗ್ಗೆ ನನ್ನ ತಕರಾರಿಲ್ಲ. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಆ ಒಂಟಿ ಗುಳಿಗೆಯನ್ನು 2005ರಿಂದ ವೈದ್ಯರ ಚೀಟಿಯಿಲ್ಲದೆ ಮಾರಬಹುದಾಗಿದೆ, ಹಾಗಾದದ್ದು ಹೆಣ್ಣುಮಕ್ಕಳ ಪಾಲಿಗೆ ಒಳ್ಳೆಯದೇ ಆಯಿತು. ನಿರೋಧ್ ಹರಿದುಹೋದಾಗ, ದಿನದ ಗುಳಿಗೆ ಮರೆತುಹೋದಾಗ, ಹೆಣ್ಣಿನ ಮೇಲೆ ಬಲಾತ್ಕಾರ ನಡೆದಾಗ ಅದು ಕೈಗೆ ಸಿಗಲೇಬೇಕು. 72 ತಾಸಿನೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಮತ್ತೊಂದನ್ನು ತೆಗೆದುಕೊಳ್ಳಬೇಕು. ಅದು ಮುಖ್ಯವಾಗಿ ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಈಗಾಗಲೇ ನಿಂತ ಬಸಿರನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ, ಆ ತಿಂಗಳ ಉಳಿದ ದಿನಗಳಿಗೆ ಅದು ಕಾವಲೂ ಅಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಕೂಡಿದರೆ ಮತ್ತೆ ಅದೇ ಅಪಾಯವಿದೆ. ಇದನ್ನು ತಿಳಿಯದೆ ತಿಂಗಳು ತಿಂಗಳು ಇದನ್ನೇ ಒಯ್ಯುವ ಮನೆಗಳಲ್ಲಿ ಮುಟ್ಟಿನ ಲೆಕ್ಕವೇ ತಪ್ಪಿರುತ್ತದೆ, ಬಸಿರೋ ಗುಳಿಗೆಯ ಪರಿಣಾಮವೋ ತಿಳಿಯದೆ ಆ ಹೆಣ್ಣುಮಗಳು ಪ್ರತಿ ತಿಂಗಳೂ ಜೀವ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಾಳೆ.

ಆ ಹುಡುಗ ಹೆಂಡತಿಯನ್ನು ಒಳಗೆ ಕರೆದಿದ್ದರೆ ನಾನು ಏನು ಕೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಮೊದಲನೆಯದಾಗಿ, ಮಗು ಯಾವಾಗ ಬೇಕು? ಮುಂದಿನ ವರ್ಷವೇ ಬೇಕೆನ್ನುವವರಿಗೂ, ಐದು ವರ್ಷ ಬೇಡವೆನ್ನುವವರಿಗೂ, ಇನ್ನು ಸಾಕೆನ್ನುವವರಿಗೂ ಒಂದೇ ಉಪಾಯ ಹೊಂದುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ದಿನವೂ ನೆನಪಿಡುವ ಕಾಟವಿಲ್ಲದ್ದು, ಮನೆಯವರ ಕಣ್ಣಿಗೆ ಬೀಳದ್ದು. ಆದರೆ ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಅನೇಕ ತಿಂಗಳು ಹಿಡಿಯಬಹುದು, ಆದ್ದರಿಂದ ಬರುವ ವರ್ಷವೇ ಮಗು ಬೇಕೆನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ. ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ತೆಗೆಸಿದ ಕೂಡಲೇ ಬಸಿರಾಗುವ ಶಕ್ತಿ ಮರಳುತ್ತದೆ. ಅದರಲ್ಲಿ 375 ಎಂಬ ಬಗೆಯದು 5 ವರ್ಷ, 380ಎ ಎಂಬ ಬಗೆಯದು 10 ವರ್ಷ ಕೆಲಸ ಮಾಡುತ್ತದೆ.

ಎರಡನೆಯದನ್ನು ಹೆಂಡತಿಯನ್ನೇ ಕೇಳಬೇಕು, ಗಂಡನಿಗೆ ಉತ್ತರ ಗೊತ್ತಿರುವುದಿಲ್ಲ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆಯೆ? ಹಾಗಿದ್ದರೆ ಮತ್ತು ಮೈಯಲ್ಲಿ ರಕ್ತ ಕಡಿಮೆಯಿದ್ದರೆ ವಂಕಿ ಹಾಕಿಸುವ ಮೊದಲು ವೈದ್ಯರೊಂದಿಗೆ ಮಾತನಾಡಬೇಕು, ಏಕೆಂದರೆ ತಾಮ್ರದ ವಂಕಿಯಿಂದ ಸ್ರಾವ ಇನ್ನಷ್ಟು ಹೆಚ್ಚಾಗಬಹುದು. ಕಣ್ಣೆದುರು ಬೆಳಕು ಮಿಂಚಿ ಅರೆತಲೆನೋವು ಬರುತ್ತದೆಯೆ, ಬಿಪಿ ಇದೆಯೆ, ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿತ್ತೆ? ಇವುಗಳಲ್ಲಿ ಒಂದಿದ್ದರೂ ಮಾಲಾ-ಎನ್‌ನಂತಹ ಎರಡು ಹಾರ್ಮೋನಿನ ಗುಳಿಗೆಯನ್ನು ತಾನಾಗಿ ಶುರು ಮಾಡಬಾರದು. ಕೂಸಿಗೆ ಮೊಲೆಹಾಲು ಕುಡಿಸುತ್ತಿರುವ ತಾಯಿ ಮೊದಲ ಆರು ತಿಂಗಳು ಅದನ್ನು ಮುಟ್ಟಬಾರದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಿಗೆ ಗುಳಿಗೆಗಳ ಬಲ ಕುಗ್ಗುತ್ತದೆ, ತುರ್ತು ಗುಳಿಗೆಯದ್ದೂ ಅಷ್ಟೆ. ಗಲ್ಲಾದ ಮುಂದೆ ಅವಸರದಲ್ಲಿ ನಿಂತ ಗಂಡನಿಗೆ ಇಷ್ಟನ್ನು ಹೇಳಿ ಮುಗಿಸುವುದಾದರೂ ಹೇಗೆ?

ಮೂರನೆಯದು ಇಬ್ಬರ ದಿನಚರಿ. ನಮ್ಮ ಭಾಗದಲ್ಲಿ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ದಸರೆ, ದೀಪಾವಳಿಗೆ ಊರಿಗೆ ಬರುವ ಗಂಡಸರು ಬಹಳ. ವರ್ಷದಲ್ಲಿ ಕೆಲವೇ ವಾರ ಜೊತೆಯಲ್ಲಿರುವ ದಂಪತಿಗೆ ವರ್ಷವಿಡೀ ದಿನವೂ ಗುಳಿಗೆ ನುಂಗು ಎಂದರೆ ಆ ಹೆಂಡತಿ ನಡುವೆ ಬಿಟ್ಟೇ ಬಿಡುತ್ತಾಳೆ, ಗಂಡ ಬಂದ ರಾತ್ರಿ ಮತ್ತೆ ಹಿಡಿದರೆ ಅದು ಅಂದೇ ಕೆಲಸ ಮಾಡುವುದಿಲ್ಲ. ಇಂಥವರಿಗೆ ಸರಿಯಾಗಿ ಬಳಸಿದರೆ ನಿರೋಧ್ ಸಾಕು. ಲೈಂಗಿಕ ಸೋಂಕುಗಳನ್ನು ತಡೆಯುವುದೂ ಇಷ್ಟರಲ್ಲಿ ಅದೊಂದೇ. ಎಚ್‌ಐವಿ ನಮ್ಮ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಮನೆಗಳಲ್ಲಿ ಎಂಥ ಗಾಯ ಮಾಡಿ ಹೋಗಿದೆ ಎಂಬುದನ್ನು ಕಂಡವರು ಈ ಮಾತನ್ನು ಹಗುರವಾಗಿ ಕಾಣಲಾರರು.

ದಿನದ ಗುಳಿಗೆಯ ಪಟ್ಟಿಯನ್ನು ಎಷ್ಟು ಗಂಡಂದಿರು ಕೈಯಲ್ಲಿ ಹಿಡಿದು ನೋಡಿದ್ದಾರೆ? ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿವೆ. ಮೊದಲಿನ 21 ಬಿಳಿಯವು, ಅವೇ ಬಸಿರನ್ನು ತಡೆಯುವಂಥವು. ಕೊನೆಯ 7 ಕಂದು ಬಣ್ಣದವು, ಕಬ್ಬಿಣಾಂಶದವು. ಕಂದು ಗುಳಿಗೆ ನಡೆದಿರುವಾಗ ಮುಟ್ಟಾಗುತ್ತದೆ, ಅವು ಮುಗಿದ ಮರುದಿನ ಹೊಸ ಪಟ್ಟಿ ಶುರುವಾಗಬೇಕು. ಮುಟ್ಟು ನಿಲ್ಲಲಿ ಎಂದು ಎರಡು ದಿನ ಕಾಯ್ದು ಹೊಸ ಪಟ್ಟಿ ಒಡೆಯುವವರಿದ್ದಾರೆ, ಅಲ್ಲಿಯೇ ಬಸಿರಾಗುವುದು. ದಿನದ್ದು ಬೇಡವೆಂದರೆ ಛಾಯಾ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸೆಂಟ್‌ಕ್ರೋಮನ್ ಅದು, ಮೊದಲು ಸಹೇಲಿ ಎಂಬ ಹೆಸರಿನಲ್ಲಿ ಬಂದದ್ದು. ಅದರಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲು ಕುಡಿಸುವ ತಾಯಿಯೂ ತೆಗೆದುಕೊಳ್ಳಬಹುದು. ಶುರುವಿನಲ್ಲಿ ಮುಟ್ಟು ತಡವಾಗುವುದುಂಟು, ಅದನ್ನು ಮೊದಲೇ ಹೇಳಿದರೆ ಹೆದರಿ ಬಿಡುವುದಿಲ್ಲ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಗರ್ಭನಿರೋಧಕ ಗುಳಿಗೆಗಳನ್ನು ತಯಾರಿಸುವ ಎಚ್‌ಎಲ್‌ಎಲ್ ಕಾರ್ಖಾನೆ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೇ ಇದೆ. ಮಾಲು ನಮ್ಮ ಮಗ್ಗುಲಲ್ಲೇ ತಯಾರಾಗುತ್ತಿರುವಾಗ ಅದರ ತಿಳಿವಳಿಕೆ ನಮ್ಮ ಮನೆಗಳನ್ನು ಮುಟ್ಟದಿರುವುದು ನನಗೆ ನೋವಿನ ಸಂಗತಿ.

ಈ ಮಾತೇನು ಹೊಸದೆ? 1921ರಲ್ಲಿ ಸಮಾಜ ಸುಧಾರಕ ರ. ಧೋಂ. ಕರ್ವೆಯವರು ಮುಂಬಯಿಯಲ್ಲಿ ಸಂತತಿ ನಿಯಮನದ ಕೇಂದ್ರ ತೆರೆದಾಗ ನಮ್ಮ ಈ ಜಿಲ್ಲೆಗಳ ಬಹುಭಾಗ ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಅತ್ತ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ವತಿಯಿಂದಲೇ ಇಂಥ ಕ್ಲಿನಿಕ್‌ಗಳನ್ನು ಆರಂಭಿಸಿತು. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಇಷ್ಟಾದ ಮೇಲೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಶೇ. 37.9ರಷ್ಟು ಮಂದಿಯ ಉಪಾಯ ಹೆಣ್ಣಿನ ಆಪರೇಷನ್, ಗಂಡಿನ ಆಪರೇಷನ್ ಶೇ. 0.3. ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಗಂಡಸರು, ಗರ್ಭನಿರೋಧಕ ಹೆಂಗಸರ ವ್ಯವಹಾರ, ಗಂಡಸು ಅದರ ಚಿಂತೆ ಮಾಡಬೇಕಿಲ್ಲ ಎಂಬ ಮಾತನ್ನು ಒಪ್ಪಿದ್ದಾರೆ. ಚಿಂತೆ ಅವಳದು, ಆದರೆ ಗುಳಿಗೆ ತರುವ ಅಧಿಕಾರವೂ ಯಾವುದೆಂಬ ತೀರ್ಮಾನವೂ ಅವನದು.

ಗಂಡಸರ ಹಿಂಜರಿಕೆಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಲಕ್ಷಾಂತರ ಗಂಡಸರನ್ನು ಹೆದರಿಸಿ, ಎಳೆದೊಯ್ದು ಆಪರೇಷನ್ ಮಾಡಿದ ಭಯ ಹಿರಿಯರ ಮನಸ್ಸಿನಲ್ಲಿ ಇನ್ನೂ ಇದೆ. ಆದರೆ ಈಗಿನದು ಬೇರೆ: ಬ್ಲೇಡ್ ಇಲ್ಲ, ಹೊಲಿಗೆ ಇಲ್ಲ, ಅಂದೇ ಮನೆಗೆ ಬರಬಹುದು, ಸುಮಾರು ಮೂರು ತಿಂಗಳು ಬೇರೆ ಉಪಾಯ ಬಳಸಿ ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಮುಗಿಯಿತು. ಇದನ್ನು ಬಹಿರಂಗವಾಗಿ ಬರೆಯುವುದು ಇದೇ ಮೊದಲು: ನಮ್ಮ ಎರಡನೆಯ ಮಗುವಿನ ನಂತರ ನನ್ನ ಯಜಮಾನರು ಇದನ್ನೇ ಮಾಡಿಸಿಕೊಂಡರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಹೆಂಡತಿ ಇರೂಮುಂದ ನಿನಗ್ಯಾಕೋ ಇದು" ಎಂದು ನಮ್ಮ ಅತ್ತೆಯವರು ಅತ್ತರು, ಹೊಲದ ಕೆಲಸಕ್ಕೆ ಬಲ ಉಳಿಯುವುದಿಲ್ಲ ಎಂದು ನೆಂಟರು ಹೆದರಿಸಿದರು. ಯಜಮಾನರು ಇವತ್ತಿಗೂ ಕಬ್ಬಿನ ಹೊಲದಲ್ಲಿ ನೀರು ಕಟ್ಟುತ್ತಾರೆ. ಎರಡು ಹೆರಿಗೆಯ ನೋವು ಉಂಡವಳ ಹೊಟ್ಟೆಗೆ ಮತ್ತೆ ಕತ್ತರಿ ಬೇಡ ಎಂದು ಅವರು ಅಂದು ಹೇಳಿದ ಮಾತಿಗೆ ನಾನು ಯಾವಾಗಲೂ ಋಣಿ.

ಹಿರಿಯರಿರುವ ಮನೆಯಲ್ಲಿ ಇಂಥದ್ದನ್ನು ಕೂತು ಮಾತಾಡಲಾದೀತೆ, ವರ್ಷದೊಳಗೆ ತೊಟ್ಟಿಲು ತೂಗಬೇಕೆನ್ನುವ ಅತ್ತೆಗೆ ಏನು ಹೇಳುವುದು ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಆಗದಿದ್ದರೆ ನಮ್ಮ ಅಂಗಡಿಯ ಒಳಕೋಣೆಯಲ್ಲಿ ಆಗುತ್ತದೆ, ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ, ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಮುಂದೆ ಆಗುತ್ತದೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಊರೆಲ್ಲ ಕೇಳಿ ಬರುವ ಗಂಡಸಿಗೆ, ಹೆಂಡತಿಯ ಮೈಗೆ ಸಂಬಂಧಿಸಿದ್ದನ್ನು ಅವಳನ್ನೇ ಕೇಳಲು ಪುರುಸೊತ್ತಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ.

ವೈದ್ಯ ಮಿತ್ರರಲ್ಲಿಯೂ ಒಂದು ವಿನಂತಿ. ಹೆರಿಗೆಯಾದ 48 ತಾಸಿನೊಳಗೆ ವಂಕಿ ಹಾಕಬಹುದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅದರ ಮಾತನ್ನು ಹೆರಿಗೆ ಕೋಣೆಯಲ್ಲಿ, ನೋವಿನಲ್ಲಿರುವವಳ ಬಳಿ ಎತ್ತಬೇಡಿರಿ. ಏಳನೆಯ ತಿಂಗಳ ತಪಾಸಣೆಗೆ ಬಂದಾಗಲೇ ಹೊರಗಿನ ಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕುಳಿತ ಗಂಡನನ್ನು ಒಳಗೆ ಕರೆಯಿಸಿ, ಅವಳ ಪಕ್ಕದಲ್ಲಿ ಕೂರಿಸಿ, ಇಬ್ಬರಿಗೂ ಒಟ್ಟಿಗೆ ತಿಳಿಸಿ ಹೇಳಿರಿ. ಕೊನೆಗೆ ಯಾವುದು ಬೇಕೆಂದು ಅವಳನ್ನು ಕೇಳಿ, ಅವಳ ಬಾಯಿಂದ ಬಂದ ಉತ್ತರವನ್ನೇ ತಾಯಿ ಕಾರ್ಡಿನಲ್ಲಿ ಬರೆಯಿರಿ.