ಕೆಜಿಎಫ್ ಕಟ್ಟಿದ ಹಿರಿಮೆ ಕಾರ್ನ್‌ವಾಲ್ ಗಣಿಗಾರರದ್ದೇ?

ಪರ

1866ರಲ್ಲಿ ತಾಮ್ರದ ಬೆಲೆ ಕುಸಿದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಅಲ್ಲಿನವರು ಆಸ್ಟ್ರೇಲಿಯಾದ ಮೂಂಟಾ, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ ಎಂದು ಗುಳೆ ಹೋದರು. 1880ರಲ್ಲಿ ಬ್ರಿಟನ್ನಿನ ಗಣಿ ಸಂಸ್ಥೆ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟ ಮೇಲೆ ಇಲ್ಲಿಗೂ ಬಂದರು. ಬಂದದ್ದು ಹೊಟ್ಟೆಪಾಡಿಗೇ, ಆದರೆ ಕಸುಬು ಕೈಯಲ್ಲಿತ್ತು.

ಹಳಬರು ತೋಡಿದ ಗುಂಡಿಗಳ ಸುತ್ತ ಕೆದಕಿ ಹಣ ಕರಗಿಸಿದ ಕಂಪನಿಗಳು ಹಲವು. ಕೆಜಿಎಫ್‌ನಲ್ಲೇ ಇದ್ದ ‘ಮೈಸೂರು’ ಎಂಬ ಗಣಿಯ ಬಂಡವಾಳವೂ ತಳ ಕಂಡಿತ್ತು. ಆಗ ಕಾರ್ನ್‌ವಾಲ್ ಪದ್ಧತಿಯ ಗಣಿ ಕ್ಯಾಪ್ಟನ್ (ಮೇಲ್ವಿಚಾರಕ) ಪ್ಲಮರ್ ಹಳೆಯ ಅಗೆತಗಳಿಗಿಂತ ಕೆಳಗಿಳಿದು ಚಾಂಪಿಯನ್ ಎಂಬ ಚಿನ್ನದ ಅದಿರಿನ ಪದರವನ್ನು ಹಿಡಿದರು.

ತವರದ ಗಣಿಯಲ್ಲಿ ಪಳಗಿದವರ ಪರೀಕ್ಷೆ ಸರಳ. ಕಲ್ಲನ್ನು ನುಣ್ಣಗೆ ಕುಟ್ಟಿ, ಅಗಲ ಸಲಿಕೆಯ ಮೇಲೆ ನೀರು ಹಾಕಿ ತೊನೆಯಬೇಕು. ಹಗುರ ಮಣ್ಣು ಒಂದು ಕಡೆ ಸರಿಯುತ್ತದೆ, ಭಾರದ ಕಣ ಬೇರೆಯಾಗಿ ನಿಲ್ಲುತ್ತದೆ. ನೀರು ಜಾಸ್ತಿಯಾದರೆ ಸಣ್ಣ ಕಣವೂ ಕೊಚ್ಚಿಹೋಗಿ ಒಳ್ಳೆಯ ಅದಿರೇ ಬರಡೆನಿಸುತ್ತದೆ. ಮಿಲ್ಲಿನಲ್ಲೂ ಅಷ್ಟೇ ಎಚ್ಚರ ಬೇಕು. ಗುದ್ದುಯಂತ್ರದಡಿ ನೀರಿನೊಡನೆ ಅರೆದ ಅದಿರು ಜರಡಿ ದಾಟಿ, ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಯಬೇಕು. ಜಿಡ್ಡು ತಾಗಿದರೆ ಪಾದರಸ ಚಿನ್ನವನ್ನು ಹಿಡಿಯುವುದಿಲ್ಲ. ಹಲಗೆಯ ಇಳಿಜಾರು ಹೆಚ್ಚಾದರೆ ಚಿನ್ನ ತಾಗದೆಯೇ ಸಾಗಿಹೋಗುತ್ತದೆ. ಕೂಲಿಯವರ ಬೆವರನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಎಲ್ಲಿ ತೋಡಬೇಕೆಂಬುದು ಬೆವರಿಂದ ತಿಳಿಯುವುದಲ್ಲ.

ವಿರೋಧ

ಅವರ ಕಸುಬಿನ ಬಗ್ಗೆ ನನಗೂ ಗೌರವವಿದೆ, ಬಹುಪಾಲು ಒಪ್ಪುತ್ತೇನೆ. ಪದರ ಸಿಕ್ಕಿದ್ದರಲ್ಲಿ ಅದೃಷ್ಟದ ಪಾಲೂ ಇತ್ತೆನ್ನೋಣ. ಆದರೆ ಪದರ ಸಿಕ್ಕ ಮಾತ್ರಕ್ಕೆ ಗಣಿ ನಡೆಯುವುದಿಲ್ಲ. ಕಾರ್ನ್‌ವಾಲ್‌ನವರು ನೆಚ್ಚಿದ್ದು ಉಗಿಯಂತ್ರವನ್ನು, ಕೋಲಾರದಲ್ಲಿ ಕಲ್ಲಿದ್ದಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟದ್ದು ಮೈಸೂರು ಸರ್ಕಾರ.

ಆಳಕ್ಕಿಳಿದಂತೆ ಬಂಡೆ ತಾನಾಗಿ ಸಿಡಿಯುತ್ತಿತ್ತು. ಆ ಭಾರಕ್ಕೆ ಮರದ ಊರುಗಂಬ ಸಾಲದು. ಅದಿರು ತೆಗೆದ ಜಾಗದಲ್ಲಿ ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಜೋಡಿಸಿ ಗೋಡೆ ಕಟ್ಟಬೇಕು, ಮೇಲಿನ ಬಂಡೆಗೆ ಬಿಗಿಯಾಗಿ ತಾಗಿಸಬೇಕು. ಸಂದು ಬಿಟ್ಟರೆ ಬಂಡೆ ಕುಸಿದ ಮೇಲಷ್ಟೇ ಗೋಡೆ ಭಾರ ಹೊರುತ್ತದೆ. ಅಷ್ಟರಲ್ಲಿ ಕೆಡುಕು ಆಗಿಹೋಗಿರುತ್ತದೆ. ಆ ಕೆಲಸಕ್ಕೆ ಇಳಿದವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕಾರ್ಮಿಕರು. 1956ರಲ್ಲಿ ಮೈಸೂರು ರಾಜ್ಯ ಗಣಿಯನ್ನು ವಹಿಸಿಕೊಂಡಿತು. ಮುಂದೆ 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ, 3,000 ಮೀಟರಿಗೂ ಆಳ ಹೋದ ಆ ಗಣಿಯನ್ನು ನಡೆಸಿದವರು ಇಲ್ಲಿಯವರೇ.